ಅಮ್ಮನ ಹೆಸರಿಗೆ ಬಿಟ್ಟ ಹುಂಜ

ಬೆನ್ನು ಮುಟ್ಟಿ ನೋಡದೆ ಕೋಳಿಗೆ ಬೆಲೆ ಹೇಳಬಾರದು. ಮೇಲಿನ ಗರಿ ಮೋಸ ಮಾಡುತ್ತದೆ. ರೆಕ್ಕೆ ಎತ್ತಿ, ಬೆನ್ನುಮೂಳೆಯ ಎರಡೂ ಬದಿಗೆ ಬೆರಳಿಳಿಸಿ, ಅಲ್ಲಿ ಮಾಂಸ ಎಷ್ಟಿದೆ ಎಂದು ತಿಳಿದ ಮೇಲೆ ಬಾಯಿ ತೆರೆಯಬೇಕು. ಒಂದು ಯುಗಾದಿಯ ಮರುವಾರ ಹರದನಹಳ್ಳಿಯಾಚೆಯ ಸಣ್ಣ ಊರೊಂದರ ಹಿತ್ತಲಲ್ಲಿ ಹೀಗೆ ಬೆರಳಿಳಿಸಿದೆ. ಗರಿ ಸಿಗಲಿಲ್ಲ. ಹಸಿ ಗಾಯ ಸಿಕ್ಕಿತು.

ಅದು ಯುದ್ಧದ ಕಾಲ. ದಂಡಿಗೆ ಸಾಮಾನು ಒದಗಿಸುವ ಗುತ್ತಿಗೆದಾರನೊಬ್ಬ ಹಾಸನದಲ್ಲಿ ಕೋಳಿ, ಮೊಟ್ಟೆ ಎಷ್ಟು ತಂದರೂ ಕೊಳ್ಳುತ್ತಿದ್ದ. ನಾನು ಸೈಕಲ್ಲಿನ ಹಿಂದೆ ಬಿದಿರು ಹೆಣೆದ ಎರಡು ಮಂಕರಿ ಕಟ್ಟಿಕೊಂಡು ಹೊಳೆನರಸೀಪುರದಿಂದ ಅರಕಲಗೂಡಿನವರೆಗೆ ಹಳ್ಳಿ ಹಳ್ಳಿ ಸುತ್ತುತ್ತಿದ್ದೆ. ಆ ಹಿತ್ತಲಿಗೆ ವಾರಕ್ಕೊಮ್ಮೆ ಹೋಗುವುದು ರೂಢಿ. ಮನೆಯ ಯಜಮಾನಿಯನ್ನು ಅಕ್ಕ ಎನ್ನುತ್ತಿದ್ದೆ. ಆಕೆಯ ಕೋಳಿಗಳ ಮೊಟ್ಟೆ ಕಾವಿಗೆ ಕೂರಿಸಿದರೆ ಒಂದೂ ಹುಸಿ ಹೋಗುತ್ತಿರಲಿಲ್ಲ ಎಂಬ ಹೆಸರಿತ್ತು.

"ಏನಕ್ಕ ಇದು, ಹದ್ದು ಒಡೀತಾ?" ಎಂದೆ.

"ಹದ್ದಾಗಿದ್ರೆ ಒಂದೇ ಏಟ್ಗೆ ಎತ್ಕಂಡೋಗದು ಕಣಪ್ಪ. ಇದು ದಿನಾ ಇಷ್ಟಿಷ್ಟೇ ತಿಂತಾ ಅದೆ," ಎಂದು ಅಕ್ಕ ತಿಪ್ಪೆಯ ಕಡೆ ಗಲ್ಲ ಎತ್ತಿ ತೋರಿಸಿದಳು.

ತಿಪ್ಪೆಯ ಮೇಲೆ ಕೆಂಪು ಹುಂಜವೊಂದು ನಿಂತಿತ್ತು. ಎದೆ ಅಗಲ, ಬಾಲ ಕಪ್ಪು, ಕಾಲಿನ ಮುಳ್ಳು ನನ್ನ ಕಿರುಬೆರಳಿನ ಅರ್ಧದಷ್ಟು. ಎಡಗಾಲಿಗೆ ಅರಿಶಿನದ ದಾರ. ನಾವು ನೋಡುತ್ತಿದ್ದಂತೆಯೇ ಅದು ಇಳಿದು ಬಂದು, ಕಾಳು ಹೆಕ್ಕುತ್ತಿದ್ದ ಚುಕ್ಕೆ ಕೋಳಿಯ ಕತ್ತು ಕಚ್ಚಿ, ಬೆನ್ನೇರಿ ಕಾಲಲ್ಲಿ ಗೀಚಿತು. ಚುಕ್ಕೆ ಕೋಳಿ ಕೂಗಲೂ ಇಲ್ಲ, ನೆಲಕ್ಕೆ ಕುಸಿದು ಕಣ್ಣು ಮುಚ್ಚಿತು. ಉಳಿದ ಮೂರು ಹ್ಯಾಟೆಗಳು ಕಟ್ಟಿಗೆ ರಾಶಿಯ ಕೆಳಗೆ ನುಗ್ಗಿದವು. ಹೆಣ್ಣು ಕೋಳಿಗೆ ನಮ್ಮ ಕಡೆ ಹ್ಯಾಟೆ ಎನ್ನುತ್ತೇವೆ.

"ಇದುನ್ನ ಇವತ್ತೇ ತಕಂಡೋಗ್ತೀನಿ, ಕೊಟ್ಬುಡಕ್ಕ."

"ಅಮ್ಮನ ಹೆಸ್ರಿಗೆ ಬುಟ್ಟಿರೋ ಉಂಜ. ಮಾರಕ್ಕೆ ಬತ್ತದಾ?"

ಆಮೇಲೆ ವಿಷಯ ಹೇಳಿದಳು. ಅವಳ ಒಬ್ಬಳೇ ಮಗಳಿಗೆ ಎರಡು ಹೆರಿಗೆಯಾಗಿತ್ತು. ಮೊದಲ ಮಗು ಉಸಿರಾಡದೆ ಹುಟ್ಟಿತು. ಎರಡನೆಯದು ಮೂರು ದಿನ ಇತ್ತು. ಈಗ ಮತ್ತೆ ಐದು ತಿಂಗಳು. ತಾಯಿ ಮಗು ಎರಡೂ ಉಳಿದರೆ ಈ ಹುಂಜವನ್ನು ಊರ ಮಾರಮ್ಮನಿಗೆ ಒಪ್ಪಿಸುತ್ತೇನೆಂದು ಹರಕೆ ಹೊತ್ತು, ದಾರ ಕಟ್ಟಿ ಬಿಟ್ಟಿದ್ದಳು. ಹಾಗೆ ಬಿಟ್ಟದ್ದನ್ನು ಮಾರುವಂತಿಲ್ಲ, ಹೊಡೆಯುವಂತಿಲ್ಲ, ಒಪ್ಪಿಸುವ ದಿನದವರೆಗೆ ಅದಕ್ಕೆ ಕಬ್ಬಿಣ ಮುಟ್ಟಿಸುವಂತಿಲ್ಲ. ಹ್ಯಾಟೆಗಳನ್ನು ಉಳಿಸಿಕೊಂಡಿದ್ದು ಮಗಳ ಬಾಣಂತನಕ್ಕೆ. ಹರಕೆಯ ಹುಂಜವೇ ಬಾಣಂತನದ ಕೋಳಿಗಳನ್ನು ಕೊಲ್ಲುತ್ತಿತ್ತು.

ನನ್ನ ನಾಲಿಗೆ ಆಗ ಬುದ್ಧಿಗಿಂತ ಮುಂದೆ ಓಡುತ್ತಿತ್ತು. "ಅಂಗಾದ್ರೆ ಇದುನ್ನೇ ಕುಯ್ದು ಮಗಳಿಗೆ ಸಾರ್ ಮಾಡಾಕು. ಅಮ್ಮಂಗೆ ಬ್ಯಾರೆ ಒಂದು ಕೊಟ್ರಾತು. ಅಮ್ಮ ಏನು ಉಂಜದ ಗುರ್ತು ಇಟ್ಕಂಡಿದ್ದಾಳಾ?" ಎಂದೆ.

ಅಕ್ಕ ಗುಡಿಯ ಕಡೆ ತಿರುಗಿ ಕೆನ್ನೆ ಬಡಿದುಕೊಂಡಳು. "ಬುಡ್ತು ಅನ್ನು," ಎಂದಳು.

ಕೆಟ್ಟ ಮಾತು ಬಾಯಿಂದ ಬಿದ್ದರೆ ಬಿಡ್ತು ಅನ್ನಬೇಕು; ಆಡಿದ್ದು ಅಲ್ಲಿಗೆ ಬಿಟ್ಟುಹೋಗುತ್ತದೆ. ಮಕ್ಕಳೂ ಅನ್ನುತ್ತವೆ. ಆದರೆ ನಾನು ಸಂತೆಯವನು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡವನ ಬೆಲೆ ಅಲ್ಲೇ ಇಳಿಯುತ್ತದೆ ಎಂದು ಕಲಿತು ಮೇಲೆ ಬಂದವನು. ನಕ್ಕು, ಮಂಕರಿಯ ಹಗ್ಗ ಬಿಗಿದೆ.

"ಮೂರು ವಾರ ಕೊಡಕ್ಕ. ಕಬ್ಬಿಣ ಮುಟ್ಟುಸ್ದೆ, ಒಂದೇಟೂ ಒಡೀದೆ ಇದುನ್ನ ಹಸುವಿನಂಗೆ ಸಾದು ಮಾಡ್ತೀನಿ."

"ಮಾಡಪ್ಪ, ನೋಡಾಣ," ಎಂದಳು.

ಅಂದೇ ಕೆಲಸ ಶುರು ಮಾಡಿದೆ. ನಾಲ್ಕೂ ಹ್ಯಾಟೆಗಳನ್ನು ಹಿಡಿದು, ಬೆನ್ನಿನ ಗಾಯವನ್ನು ಉಗುರುಬೆಚ್ಚನೆ ಉಪ್ಪುನೀರಲ್ಲಿ ತೊಳೆದು, ಹರಳೆಣ್ಣೆಯಲ್ಲಿ ಕಲಸಿದ ಅರಿಶಿನ ಹಚ್ಚಿದೆ. ಹುಂಜದ ಮೇಲೆ ದೊಡ್ಡ ಮಂಕರಿ ಕವುಚಿ ಹಾಕಿ ಮೇಲೊಂದು ಕಲ್ಲಿಟ್ಟೆ. ಎಂಟು ದಿನ ಕತ್ತಲಲ್ಲಿದ್ದರೆ ಕೊಬ್ಬು ಇಳಿಯುತ್ತದೆ ಎಂಬುದು ನನ್ನ ಲೆಕ್ಕ.

ಮುಂದಿನ ವಾರ ಹೋದಾಗ ಮಂಕರಿ ಗೋಡೆಗೆ ಒರಗಿತ್ತು. ಹುಂಜ ಕಾಳು ಮುಟ್ಟಲಿಲ್ಲವಂತೆ. ಮೂರನೆಯ ದಿನ ಕೂಗಲು ಹೋಗಿ ದನಿ ಒಡೆಯಿತಂತೆ. ಹರಕೆಯ ಜೀವ ತನ್ನ ಮನೆಯಲ್ಲಿ ಉಪವಾಸ ಸತ್ತರೆ ಏನು ಗತಿ ಎಂದು ಅಕ್ಕ ಬಿಟ್ಟುಬಿಟ್ಟಿದ್ದಳು. ಹೊರಗೆ ಬಂದ ಹುಂಜ ಮೂರು ದಿನದ ಬಾಕಿಯನ್ನು ಒಂದೇ ಬೆಳಿಗ್ಗೆ ತೀರಿಸಿಕೊಂಡಿತ್ತು. ಅರಿಶಿನ ಹಚ್ಚಿದ ಜಾಗವೆಲ್ಲ ಮತ್ತೆ ಕಿತ್ತುಬಂದಿತ್ತು. ಇದನ್ನು ನೆನಪಿಡಿ: ಹುಂಜವನ್ನು ಕೂಡಿಹಾಕಿದರೆ ಅದರ ಗುಣ ಬದಲಾಗುವುದಿಲ್ಲ. ಕೂಡಿಹಾಕಿದಷ್ಟು ಹೊತ್ತು ಹ್ಯಾಟೆಗಳಿಗೆ ಬಿಡುವು ಸಿಗುತ್ತದೆ, ಅಷ್ಟೇ.

ಎರಡನೆಯ ವಾರ ಹಳೆಯ ಬಟ್ಟೆಯ ಕುಣಿಕೆ ಮಾಡಿ, ದಾರವಿಲ್ಲದ ಕಾಲಿಗೆ ಹಾಕಿ, ಗೂಟಕ್ಕೆ ಕಟ್ಟಿದೆ. ಅದು ಸ್ವಲ್ಪ ನಡೆಯಿತು. ಹಗ್ಗದ ಅಳತೆ ಎಷ್ಟೆಂದು ಹ್ಯಾಟೆಗಳು ಒಂದೇ ದಿನದಲ್ಲಿ ಕಲಿತವು. ಆದರೆ ಚುಕ್ಕೆ ಕೋಳಿಯ ಗಾಯಕ್ಕೆ ನೊಣ ಮುತ್ತಿ ಹುಳು ಬಿದ್ದಿತ್ತು. ಎತ್ತಿನ ಗಾಯದಲ್ಲಿ ಹುಳು ಬಿದ್ದರೆ ನಮ್ಮಪ್ಪ ಹೊಗೆಸೊಪ್ಪಿನ ನೀರು ಬಿಡುತ್ತಿದ್ದ. ಅರಕಲಗೂಡಿನ ಕಡೆಯ ಖಾರದ ಹೊಗೆಸೊಪ್ಪು ನನ್ನ ಸೊಂಟದ ಮಡಿಕೆಯಲ್ಲೇ ಇತ್ತು. ಕುದಿಸಿ, ಆರಿಸಿ, ಗಾಯದ ಮೇಲೆ ಧಾರಾಳವಾಗಿ ಸುರಿದೆ. ಹುಳುಗಳು ಉದುರಿದವು. ನಾನು ಮೀಸೆ ತಿರುವುವಷ್ಟರಲ್ಲಿ ಕೋಳಿ ಕತ್ತು ವಾಲಿಸಿತು. ಬಾಯಿಂದ ಜೊಲ್ಲು ಬಂತು. ತೊಳೆದೆ, ಮಜ್ಜಿಗೆ ಕುಡಿಸಿದೆ. ಬಿಸಿಲು ಇಳಿಯುವ ಮೊದಲೇ ಸತ್ತಿತು.

ಎತ್ತಿನ ಔಷಧಿ ಕೋಳಿಗೆ ವಿಷ. ಎತ್ತಿನ ಮೈ ಎಷ್ಟು, ಕೋಳಿಯ ಮೈ ಎಷ್ಟು? ಇದನ್ನು ಹೇಳಿಕೊಡಲು ನನಗೆ ಯಾರೂ ಇರಲಿಲ್ಲ. ನಿಮಗೆ ನಾನು ಹೇಳುತ್ತಿದ್ದೇನೆ. ಹುಳು ಬಿದ್ದರೆ ಕಡ್ಡಿಯಲ್ಲಿ ಒಂದೊಂದಾಗಿ ತೆಗೆಯಿರಿ, ಉಪ್ಪುನೀರಲ್ಲಿ ತೊಳೆಯಿರಿ, ನೊಣ ಕೂರದಂತೆ ಬೇವಿನೆಣ್ಣೆ ಸವರಿ. ತಾಳ್ಮೆ ಬೇಕು, ಅಷ್ಟೇ.

"ಬಾಣಂತನಕ್ಕೆ ನಾಕು ಅಂತ ಎಣ್ಸಿದ್ದೆ," ಎಂದಳು ಅಕ್ಕ. "ಮೂರಾತು."

ಅವಳು ನನ್ನನ್ನು ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಬೈಯದಿದ್ದುದರಿಂದ ಇನ್ನೂ ದೊಡ್ಡ ತಪ್ಪಿಗೆ ಕೈ ಹಾಕಿದೆ. ಗಾಯವಾಗುವುದು ಮುಳ್ಳಿನಿಂದ. ಮುಳ್ಳನ್ನು ಕತ್ತರಿಸಲು ಕಬ್ಬಿಣ ಬೇಕು. ಕಬ್ಬಿಣ ಮುಟ್ಟಿಸಬಾರದು. ಆದರೆ ಕಲ್ಲು ಮುಟ್ಟಿಸಬಾರದೆಂದು ಯಾರು ಹೇಳಿದ್ದಾರೆ? ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡು, ಮೂರನೆಯ ವಾರ ಹುಂಜವನ್ನು ಕಂಬಳಿಯಲ್ಲಿ ಸುತ್ತಿ ತೊಡೆಯ ಸಂದಿಯಲ್ಲಿಟ್ಟುಕೊಂಡೆ. ಹಿತ್ತಲಲ್ಲಿ ಬಟ್ಟೆ ಒಗೆಯುವ ಒರಟು ಕಲ್ಲೊಂದಿತ್ತು. ಎಡಗಾಲಿನ ಮುಳ್ಳನ್ನು ಅದಕ್ಕೆ ಉಜ್ಜಿ ಉಜ್ಜಿ ಮೊಂಡು ಮಾಡಿದೆ. ಚೆನ್ನಾಗಿ ಬಂತು. ಬಲಗಾಲಿನದನ್ನು ಉಜ್ಜುವಾಗ ಆತುರವಾಯಿತು. ಮುಳ್ಳಿನ ಒಳಗೆ ಜೀವವಿರುತ್ತದೆ, ನಮ್ಮ ಉಗುರಿನ ಬುಡದ ಹಾಗೆ. ಅದು ಕಲ್ಲಿಗೆ ತಾಗಿತು. ರಕ್ತ ಚಿಮ್ಮಿ ಕಲ್ಲಿನ ಮೇಲೆ ಬಿತ್ತು.

ಬೂದಿ ಒತ್ತಿ ರಕ್ತ ನಿಲ್ಲಿಸಿದೆ. ತಲೆ ಎತ್ತಿದರೆ ಅಕ್ಕ ಅಲ್ಲಿರಲಿಲ್ಲ. ಮಾರಮ್ಮನ ಗುಡಿಯ ಪೂಜಾರಿಯ ಮನೆಗೆ ಹೋಗಿದ್ದಳು. ಅರ್ಧ ತಾಸಿನ ಮೇಲೆ ಬಂದು ಬಾಗಿಲ ಕಟ್ಟೆಯ ಮೇಲೆ ಕುಳಿತಳು.

"ಪೂಜಾರಪ್ಪ ಏನಂದ?"

"ಅಮ್ಮನ ಹೊಸ್ಲಲ್ಲಿ ಬೀಳ್ಬೇಕಾದ್ ರಕ್ತ ಹಿತ್ಲಲ್ಲಿ ಬಿತ್ತು ಅಂದ. ಊನ ಆಗಿರೋದು ಅಮ್ಮಂಗೆ ಸಲ್ಲಾಕಿಲ್ವಂತೆ. ಮುಳ್ಳು ಮೊದ್ಲಿನಂಗೆ ಬೆಳ್ಯೋಗಂಟ ಕಾಯ್ಬೇಕಂತೆ."

"ಬೆಳೀತದೆ ಬುಡಕ್ಕ. ಉಗುರು ಬೆಳ್ಯಾಕಿಲ್ವಾ?"

"ಎಷ್ಟ್ ದಿನಕ್ಕೆ?"

ಹೆರಿಗೆಗೆ ನಾಲ್ಕು ತಿಂಗಳೂ ಇರಲಿಲ್ಲ. ಹುಂಜವನ್ನು ಒಪ್ಪಿಸುವುದೇನೋ ಹೆರಿಗೆಯ ಮೇಲೆಯೇ. ಆದರೆ ಒಪ್ಪಿಸಲು ತಕ್ಕ ಹುಂಜ ಮನೆಯಲ್ಲಿದೆ ಎಂಬುದೇ ಅವಳ ಧೈರ್ಯವಾಗಿತ್ತು. ಆ ಧೈರ್ಯವನ್ನು ನಾನು ಕಲ್ಲಿಗೆ ಉಜ್ಜಿ ಕಳೆದಿದ್ದೆ.

"ಮಗ್ಳು ತವರಿಗೆ ಬಂದಾಗ ಅವಳ ಮುಂದೆ ಈ ಮಾತು ಆಡ್ಬ್ಯಾಡ," ಎಂದಳು. ಇಷ್ಟಾದರೂ ಹ್ಯಾಟೆಗಳ ಕಷ್ಟ ತೀರಲಿಲ್ಲ. ಮುಳ್ಳು ಮೊಂಡಾದರೂ ಬೆರಳ ಉಗುರಿತ್ತು, ಕೊಕ್ಕಿತ್ತು.

ಆ ವಾರ ಚನ್ನರಾಯಪಟ್ಟಣದ ಸಂತೆಗೆ ಹೋಗಿದ್ದೆ. ಅಲ್ಲಿ ನುಗ್ಗೇಹಳ್ಳಿ ಕಡೆಯ ಅಜ್ಜಿಯೊಬ್ಬಳು ಕೋಳಿ ಮಾರಲು ಕೂರುತ್ತಿದ್ದಳು. ಅವಳ ಹತ್ತಿರ ಚೌಕಾಸಿ ಮಾಡಿ ಗೆದ್ದವರಿಲ್ಲ. ನಾನೂ ಗೆದ್ದಿರಲಿಲ್ಲ. ಎಲೆ ಅಡಿಕೆ ಕೊಟ್ಟು ಹುಂಜದ ಕತೆ ಹೇಳಿದೆ. ಅವಳು ಹುಂಜದ ಬಣ್ಣ ಕೇಳಲಿಲ್ಲ, ವಯಸ್ಸು ಕೇಳಲಿಲ್ಲ.

"ಹ್ಯಾಟೆ ಎಷ್ಟವೆ?"

"ಮೂರು."

"ಮೊದ್ಲು ಎಷ್ಟಿದ್ವು?"

"ಹನ್ನೊಂದು."

"ಮಿಕ್ಕಿದ್ದೆಲ್ಲ ಏನಾದ್ವು, ನರಿ ತಿಂತಾ?"

ಒಂದು ಹೊಗೆಸೊಪ್ಪಿನ ನೀರಿಗೆ ಹೋಗಿತ್ತು. ಉಳಿದ ಏಳನ್ನು ಸುಗ್ಗಿಯಿಂದ ಯುಗಾದಿಯ ಒಳಗೆ ನಾನೇ ಕೊಂಡಿದ್ದೆ. ಬೆಲೆ ಇಳಿದುಹೋಗುತ್ತದೆ, ಈಗಲೇ ಕೊಡು ಎಂದು ಅಕ್ಕನನ್ನು ಒಪ್ಪಿಸಿ, ಬೆನ್ನು ಮುಟ್ಟಿ ಮುಟ್ಟಿ, ಎಳೆಯವು ದುಂಡಗಿನವು ಯಾವುವೋ ಅವನ್ನೇ ಆರಿಸಿ ಒಯ್ದಿದ್ದೆ. ಹುಂಜವನ್ನು ಮಾತ್ರ ಬಿಟ್ಟಿದ್ದೆ.

ಅಜ್ಜಿ ನನ್ನ ಮುಖ ನೋಡಿ ಎಲ್ಲ ತಿಳಿದುಕೊಂಡಳು. "ಲೇ ಮಗ, ಹತ್ತು ಜನ ಹೊರೋ ಹೊರೇನ ಮೂರ್ ಜನದ ತಲೆ ಮ್ಯಾಲಿಟ್ಟು, ಕತ್ತು ಯಾಕ್ ಮುರೀತು ಅಂತ ಹೊರೇನ ಕೇಳ್ತಿದ್ದೀಯಲ್ಲ! ಒಂದು ಹುಂಜುಕ್ಕೆ ಹತ್ತು ಹ್ಯಾಟೆ ಬೇಕು, ಹುಂಜಂದು ಏನ್ಲಾ ತಪ್ಪು?" ಎಂದು ಎಲೆಯ ರಸ ಉಗಿದಳು. ಪಕ್ಕದ ಅಂಗಡಿಯವರು ನಕ್ಕರು. ನನ್ನನ್ನು ನೋಡಿ ಆ ಸಂತೆಯಲ್ಲಿ ಜನ ನಕ್ಕದ್ದು ಅದೇ ಮೊದಲು.

ನಾನು ಕಸುಬಿಗೆ ಇಳಿದಾಗ ಮನೆಯವರು ಕೋಳಿ ಮಾರುವವನೆಂದು ಹಂಗಿಸಿದ್ದರು. ಆಗಲೂ ಇಷ್ಟು ನಾಚಿಕೆಯಾಗಿರಲಿಲ್ಲ. ಅಂದು ಹಾಸನಕ್ಕೆಂದು ಕೂಡಿಸಿದ್ದ ಮಂಕರಿಯ ಮುಚ್ಚಳ ತೆಗೆದೆ. ಅದರಲ್ಲಿ ಹದಿನಾರು ಕೋಳಿಗಳಿದ್ದವು. ಎಂಟು ಹ್ಯಾಟೆಗಳನ್ನು ಬೇರೆ ಮಾಡಿದೆ. ಮೊಟ್ಟೆ ಇಡುವ ವಯಸ್ಸಿನವು, ಕಾಲು ಗಟ್ಟಿ ಇರುವವು. ಗುತ್ತಿಗೆದಾರನಿಗೆ ಉಳಿದವನ್ನಷ್ಟೇ ಕೊಟ್ಟು, ಬೈಸಿಕೊಂಡೆ.

ಸಂತೆಯ ಕೋಳಿಯನ್ನು ನೇರವಾಗಿ ಹಿತ್ತಲಿಗೆ ಬಿಡಬಾರದು. ಅದು ಸಂತೆಯ ರೋಗವನ್ನೂ ತರುತ್ತದೆ. ಎಂಟು ದಿನ ನನ್ನ ಮನೆಯಲ್ಲಿಟ್ಟು, ಹಿಕ್ಕೆ ನೋಡಿ, ಕಣ್ಣು ನೋಡಿ, ಆಮೇಲೆ ಸೈಕಲ್ಲಿಗೆ ಕಟ್ಟಿದೆ.

ಅಕ್ಕ ಮಂಕರಿಯೊಳಗೆ ನೋಡಿ, "ಇವ್ಯಾಕಪ್ಪ?" ಎಂದಳು.

"ನಿನ್ನವೇ ಅನ್ಕೋ. ನಾನು ತಕಂಡೋದವು."

"ಬಿಟ್ಟಿ ನಂಗ್ಬ್ಯಾಡ."

ನನ್ನ ಜನ್ಮದಲ್ಲಿ ಅಂಥ ಚೌಕಾಸಿ ನಡೆದಿಲ್ಲ. ನಾನು ಎಂಟು ಎನ್ನುತ್ತೇನೆ, ಅವಳು ನಾಲ್ಕು ಸಾಕು ಎನ್ನುತ್ತಾಳೆ. ನಾನು ಏನೂ ಬೇಡ ಎನ್ನುತ್ತೇನೆ, ಅವಳು ಮರಿಯಲ್ಲಿ ಅರ್ಧ ನಿನಗೆ ಎನ್ನುತ್ತಾಳೆ. ಕೊನೆಗೆ ಎಂಟೂ ಪಾಲಿಗೆ ಎಂದು ತೀರ್ಮಾನವಾಯಿತು: ಹುಟ್ಟುವ ಮರಿಗಳಲ್ಲಿ ಅರ್ಧ ನನಗೆ. ನಾನೊಂದು ಷರತ್ತು ಸೇರಿಸಿದೆ. ಬಾಣಂತಿಯ ಸಾರಿಗೆ ಮರಿಹುಂಜ ನಾನು ತರುತ್ತೇನೆ, ಹ್ಯಾಟೆಯ ಕತ್ತಿಗೆ ಕೈ ಹಾಕಬಾರದು.

ಹೊಸ ಕೋಳಿಗಳನ್ನು ಹಗಲಲ್ಲಿ ಹುಂಜದ ಕಣ್ಣೆದುರು ಬಿಟ್ಟರೆ ಯುದ್ಧ. ದೀಪ ಹಚ್ಚುವ ಹೊತ್ತಿಗೆ, ಹಳೆಯವು ಗೂಡು ಸೇರಿ ಕಣ್ಣು ಮುಚ್ಚಿದ ಮೇಲೆ, ಒಂದೊಂದಾಗಿ ಪಕ್ಕದಲ್ಲಿ ಕೂರಿಸಿದೆ. ಬೆಳಿಗ್ಗೆ ಎದ್ದಾಗ ಎಲ್ಲವೂ ಒಂದೇ ಗೂಡಿನವು. ಎರಡು ದಿನ ಅಲ್ಲಲ್ಲಿ ಕಚ್ಚಾಟವಾಯಿತು. ಹುಂಜ ಎಂಟರ ಹಿಂದೆ ಓಡಿ ಓಡಿ ದಣಿಯಿತು. ನಾಲ್ಕನೆಯ ದಿನ ಅಕ್ಕ ಕಾಳು ಚೆಲ್ಲಿದಾಗ ಅದು ತಾನು ತಿನ್ನದೆ ಕೊಕ್ಕಿನಿಂದ ಎತ್ತಿ ಬೀಳಿಸಿ, ಕೊಕ್ ಕೊಕ್ ಎಂದು ಹ್ಯಾಟೆಗಳನ್ನು ಕರೆಯಿತಂತೆ. ಸರಿಯಾದ ಹುಂಜದ ಲಕ್ಷಣ ಅದು.

ಗಾಯದ ಮೂರು ಹ್ಯಾಟೆಗಳ ಬೆನ್ನು ಮಾತ್ರ ಬೆತ್ತಲೆ. ಗರಿ ಬರುವವರೆಗೆ ಅವುಗಳಿಗೊಂದು ಮರೆ ಬೇಕಿತ್ತು. ಎತ್ತಿನ ಬೆನ್ನಿಗೆ ಗೋಣಿ ಹಾಕುತ್ತೇವಲ್ಲ, ಹಾಗೆ ಕೋಳಿಗೂ ಯಾಕಾಗಬಾರದು ಎಂದುಕೊಂಡೆ. ಅಷ್ಟರಲ್ಲಿ ಮಗಳು ಏಳು ತಿಂಗಳಿಗೆ ಬಿದ್ದು ತವರಿಗೆ ಬಂದಿದ್ದಳು. ಮಾತು ಕಮ್ಮಿ. ಕಂಬಕ್ಕೆ ಒರಗಿ ಹಿತ್ತಲನ್ನೇ ನೋಡುತ್ತ ಕೂರುವಳು. ನಾನು ಗೋಣಿ ಹರಿಯುವುದನ್ನು ನೋಡಿ, "ಗೋಣಿ ಚುಚ್ತದೆ ಮಾವ," ಎಂದು ಅವ್ವನ ಹಳೆಯ ಸೀರೆ ತಂದಳು. ಎರಡು ಪದರ ಮಡಿಸಿ, ಎರಡೂ ರೆಕ್ಕೆಗೆ ತೂತು ಬಿಟ್ಟು, ಕೋಳಿಯನ್ನು ಮಡಿಲಲ್ಲಿಟ್ಟು ಅಳತೆ ನೋಡಿ ಹೊಲಿದಳು. ಸಣ್ಣ ಸಣ್ಣ ಹೊಲಿಗೆ.

ದಾರಿಯಲ್ಲಿ ಹೋಗುವ ಹೆಂಗಸರು ಬೇಲಿಯ ಮೇಲೆ ಬಗ್ಗಿ, "ಏನೇ, ಕೋಳಿಗೆ ಕುಪ್ಪಸ ಹೊಲ್ಸಿದ್ದೀಯಾ? ಮದ್ವೆ ಯಾವಾಗ?" ಎಂದು ನಗುವರು. ಮಗಳು ನಗುವಳು. ಮೂರು ಕೋಳಿಗೆ ಮೂರು ಕುಪ್ಪಸವಾದ ಮೇಲೂ ಅವಳು ಸೂಜಿ ಕೆಳಗಿಡಲಿಲ್ಲ. ಬದಲಿಗೆ ಬೇಕಾಗುತ್ತದೆ ಎಂದು ಇನ್ನೂ ಮೂರು ಹೊಲಿದಳು. ಹುಟ್ಟದ ಮಗುವಿಗೆ ಏನನ್ನೂ ಹೊಲಿದಿಡಬಾರದು ಎಂಬುದು ನಮ್ಮಲ್ಲಿರುವ ಪದ್ಧತಿ. ಎರಡು ಸಲ ಕಳೆದುಕೊಂಡವಳು ಅದನ್ನು ಮೀರುವಳೇ? ಆ ಕೈಗಳಿಗೆ ಹೊಲಿಯಲು ಸಿಕ್ಕಿದ್ದು ಕೋಳಿಯ ಕುಪ್ಪಸ ಮಾತ್ರ. ಅದನ್ನು ನೋಡಿ ಅಕ್ಕ ಒಳಗೆ ಹೋದಳು. ನಾನು ಸೈಕಲ್ಲಿನ ಗಾಳಿ ನೋಡುವವನಂತೆ ಬಗ್ಗಿದೆ.

ಶ್ರಾವಣದಲ್ಲಿ ಒಂದು ಬೆಳಿಗ್ಗೆ ಮರಿಹುಂಜಗಳನ್ನು ಕಟ್ಟಿಕೊಂಡು ಹೋದಾಗ ಮನೆಯ ಬಾಗಿಲು ಮುಚ್ಚಿತ್ತು. ಒಳಗೆ ಸೂಲಗಿತ್ತಿಯ ದನಿ. ನೋವು ಶುರುವಾಗಿ ಎರಡನೆಯ ದಿನವಂತೆ. ಅಕ್ಕನ ಗಂಡ ಗುಡಿಯ ಮುಂದೆ ಹೋಗಿ ಕುಳಿತಿದ್ದ. ಅಕ್ಕ ಹಿತ್ತಲಲ್ಲಿ ಆ ಒಗೆಯುವ ಕಲ್ಲಿನ ಪಕ್ಕ ನಿಂತಿದ್ದಳು. ಕೈಯಲ್ಲಿ ಖಾಲಿ ಬಿಂದಿಗೆ. ಅವಳ ಕಣ್ಣು ಹುಂಜದ ಬಲಗಾಲಿನ ಮೇಲಿತ್ತು. ಮುಳ್ಳು ಅಕ್ಕಿಕಾಳಿನಷ್ಟು ಬೆಳೆದಿತ್ತು.

ನನಗೆ ನೂರು ಧೈರ್ಯದ ಮಾತು ಬರುತ್ತವೆ, ಕಸುಬೇ ಅದು. ಅಂದು ಬಾಯಿಗೆ ಬಂದದ್ದು ಬೇರೆ ಮಾತು.

"ಅಕ್ಕ, ಅವತ್ತು ಉಂಜ ಕುಯ್ದು ಸಾರ್ ಮಾಡು ಅಂದಿದ್ನಲ್ಲ. ಆ ಮಾತು ಬುಡ್ತು."

ಅವಳು ತಿರುಗಿ ನೋಡಿದಳು. "ಇನ್ನೊಂದ್ಸಲ ಅನ್ನು."

"ಬುಡ್ತು."

"ಇಷ್ಟ್ ದಿನ ಬೇಕಾತಾ ನಿಂಗೆ," ಎಂದು ಬಿಂದಿಗೆಯನ್ನು ನನ್ನ ಕೈಗಿತ್ತಳು. "ನೀರ್ ತತ್ತಾ ಓಗು."

ನಾಲ್ಕು ಸಲ ಬಾವಿಗೆ ಹೋಗಿ ಬಂದೆ. ಐದನೆಯ ಸಲ ಬಿಂದಿಗೆ ಇಳಿಸುವಾಗ ಒಳಗೆ ತೆಳ್ಳಗೆ ಒಂದು ದನಿ ಕೇಳಿತು. ಮರಿ ಕೂಗಿತೆಂದುಕೊಂಡೆ. ಅಕ್ಕ ಬಾಗಿಲಿಗೆ ಓಡಿದಳು. "ಗಂಡಾ ಹೆಣ್ಣಾ ಆಮ್ಯಾಕ್ ಕೇಳು, ಬಿಸ್ನೀರ್ ಕೊಡು ಮೊದ್ಲು!" ಎಂದು ಸೂಲಗಿತ್ತಿ ಗದರಿದಳು. ಹಿಂದಿನ ಮಗು ಇದ್ದದ್ದು ಮೂರೇ ದಿನ; ಅಕ್ಕನಿಗೆ ಆ ಮೂರು ದಿನದ ಭಯವಿತ್ತು. ನಾಲ್ಕನೆಯ ದಿನ ನಾನು ದಾರಿ ಬಿಟ್ಟು ಆ ಊರಿಗೆ ಹೋದೆ. ಮಗು ಹಾಲು ಕುಡಿಯುತ್ತಿತ್ತು.

ಮಗುವಿಗೆ ಅನ್ನ ಉಣ್ಣಿಸುವ ಹೊತ್ತಿಗೆ ಮುಳ್ಳು ಬೆಳೆದಿತ್ತು. ಪೂಜಾರಿ ಎರಡೂ ಕಾಲನ್ನು ಹೆಬ್ಬೆರಳಿನಿಂದ ಸವರಿ, ನನ್ನನ್ನೊಮ್ಮೆ ನೋಡಿ, "ಆಗ್ಬೌದು" ಎಂದ. ಗುಡಿಯವರೆಗೆ ಹುಂಜವನ್ನು ಎತ್ತಿಕೊಂಡು ಹೋದವನು ನಾನೇ. ಅದು ಒಮ್ಮೆಯೂ ಒದೆಯಲಿಲ್ಲ. ತನ್ನ ಹ್ಯಾಟೆಗಳಿಗೆ ಕಾಳು ಕರೆದು ಕೊಡುವ ಹುಂಜವಾಗಿತ್ತು ಅದು. ಅದರ ತಪ್ಪೇನೂ ಇಲ್ಲವೆಂದು ತಿಳಿದವನ ಕೈಯಲ್ಲೇ ಅದು ಹೋಗಬೇಕಾಗಿತ್ತು. ಹರಕೆ ಹರಕೆಯೇ.

ಮುಂದಿನ ವಾರ ಎಂದಿನಂತೆ ಹೋದೆ. ಅದೇ ಕೆಂಪಿನ ಮರಿಹುಂಜವೊಂದು ತಿಪ್ಪೆ ಏರಿತ್ತು. ಮಗಳು ಮಗುವನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಮಗುವಿನ ಮೈಮೇಲಿದ್ದ ಅಂಗಿಯ ಬಟ್ಟೆಯನ್ನು ಎಲ್ಲೋ ನೋಡಿದ್ದೆನಲ್ಲ ಎಂದುಕೊಂಡೆ. ಅದೇ ಸೀರೆ. ಅವೇ ಸಣ್ಣ ಹೊಲಿಗೆ.

"ಬೆಲೆ ಎಂಗದೆ ಹಾಸನದಾಗೆ?" ಎಂದಳು ಅಕ್ಕ.

"ಚೆನ್ನಾಗದೆ."

"ಅಂಗಾರೆ ಆರು ತಕಂಡೋಗು. ಉಂಜ ಎಳೇದು, ಅದುಕ್ಕೆ ನಾಕೈದು ಸಾಲ್ದಾ?"

ನಾನು ಹಿತ್ತಲಲ್ಲಿದ್ದ ಹ್ಯಾಟೆಗಳನ್ನು ಒಂದೊಂದಾಗಿ ಎಣಿಸಿದೆ. ಎಣಿಸಿ ಮುಗಿಸಿ, ಮಂಕರಿಯ ಮುಚ್ಚಳ ಹಾಕಿ, "ಬುಡ್ತು ಅನ್ನಕ್ಕ," ಎಂದೆ.